ಕೈಂಡ್ ಆಫ್ ಬ್ಲೂ: ಬಿಡುಗಡೆಯ ದಿನವೂ ಧ್ವನಿಮುದ್ರಣದ ದಿನಗಳೂ

ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಎಂಬ ಜಾಝ್ ಆಲ್ಬಂ 1959ರ ಆಗಸ್ಟ್ 17ರಂದು ಕೊಲಂಬಿಯಾ ಕಂಪನಿಯಿಂದ ಬಿಡುಗಡೆಯಾಯಿತು. ಅದರ ವಯಸ್ಸಿನ ಲೆಕ್ಕವನ್ನೆಲ್ಲ ಸಂಗೀತಲೋಕ ಆ ದಿನದಿಂದಲೇ ಹಾಕುತ್ತ ಬಂದಿದೆ. ಆದರೆ ಬಿಡುಗಡೆಯ ದಿನವು ಮೂಲತಃ ಮಾರಾಟದ ದಿನ. ಆ ಸಂಗೀತ ಹುಟ್ಟಿದ್ದು ಅದೇ ವರ್ಷದ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ನ್ಯೂಯಾರ್ಕ್ ನಗರದ ಹಳೆಯ ಚರ್ಚೊಂದರೊಳಗೆ. ಅಂಗಡಿಗೆ ಬಂದ ತಟ್ಟೆ ಮತ್ತು ಅದರ ರಟ್ಟಿನ ಹೊದಿಕೆ ಹೇಳಿದ ಕಥೆಗೂ ಆ ಎರಡು ದಿನಗಳ ಟೇಪುಗಳು ಹೇಳುವ ಕಥೆಗೂ ಹಲವು ಕಡೆ ತಾಳೆಯಾಗುವುದಿಲ್ಲವಾದ್ದರಿಂದ, ಈ ಆಲ್ಬಮಿನ ಚರಿತ್ರೆಯನ್ನು ಬರೆಯುವವರು ಟೇಪುಗಳಿಂದಲೇ ಆರಂಭಿಸಬೇಕಾಗುತ್ತದೆ.

'ಆಲ್ಬಂ' ಎಂಬ ಹೆಸರು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಗ್ರಾಮಫೋನ್ ತಟ್ಟೆಗಳ ಕಾಲದ್ದು. ಆ ತಟ್ಟೆಯ ಒಂದು ಮಗ್ಗುಲಿಗೆ ಮೂರು-ನಾಲ್ಕು ನಿಮಿಷದ ಸಂಗೀತವಷ್ಟೇ ಹಿಡಿಯುತ್ತಿದ್ದುದರಿಂದ, ದೀರ್ಘ ಕೃತಿಯನ್ನು ಹಲವು ತಟ್ಟೆಗಳಿಗೆ ಹಂಚಿ, ಅವನ್ನು ಭಾವಚಿತ್ರಗಳ ಆಲ್ಬಮಿನಂತೆ ಹೊಲಿದ ಲಕೋಟೆಗಳಲ್ಲಿಟ್ಟು ಮಾರಲಾಗುತ್ತಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿಯೇ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿ ತಟ್ಟೆಯನ್ನು ಹೊರತಂದಾಗ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಸಂಗೀತ ಹಿಡಿಯುವಂತಾಯಿತು. 'ಕೈಂಡ್ ಆಫ್ ಬ್ಲೂ'ವಿನ ಐದು ಕೃತಿಗಳಲ್ಲಿ ಯಾವುದೂ ಐದು ನಿಮಿಷಕ್ಕಿಂತ ಚಿಕ್ಕದಲ್ಲ. 'ಆಲ್ ಬ್ಲೂಸ್' ಹನ್ನೊಂದು ನಿಮಿಷ ದಾಟುತ್ತದೆ.

ಧ್ವನಿಮುದ್ರಣ ನಡೆದ ಸ್ಥಳ ಕೊಲಂಬಿಯಾದ 30ನೇ ಬೀದಿಯ ಸ್ಟುಡಿಯೊ. ಪ್ರಾರ್ಥನೆ ನಿಂತುಹೋಗಿದ್ದ ಚರ್ಚಿನ ಕಟ್ಟಡವನ್ನು ಕಂಪನಿ 1940ರ ದಶಕದ ಕೊನೆಯಲ್ಲಿ ವಶಕ್ಕೆ ತೆಗೆದುಕೊಂಡಿತ್ತು. ಸುಮಾರು 100 ಅಡಿ ಎತ್ತರದ ಅದರ ಛಾವಣಿಯಿಂದ ಹಿಂತಿರುಗುವ ನಾದವು ವಾದ್ಯಗಳಿಗೆ ಕೊಡುತ್ತಿದ್ದ ತುಂಬುತನವನ್ನು ಈ ಆಲ್ಬಮಿನ ಪ್ರತಿಯೊಂದು ಟ್ರಂಪೆಟ್ ಸ್ವರದ ಹಿಂದೆಯೂ ಇಂದಿಗೂ ಕೇಳಬಹುದು. ಡೇವಿಸ್ ಅವರೊಡನೆ ಸ್ಯಾಕ್ಸೊಫೋನ್ ವಾದಕರಾದ ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ, ಬಾಸ್ ನುಡಿಸುತ್ತಿದ್ದ ಪಾಲ್ ಚೇಂಬರ್ಸ್, ಡ್ರಮ್ಸ್‌ನಲ್ಲಿ ಜಿಮ್ಮಿ ಕಾಬ್ ಇದ್ದರು. ಪಿಯಾನೊಗೆ ಮಾತ್ರ ಇಬ್ಬರು: ತಂಡವನ್ನು ಬಿಟ್ಟುಹೋಗಿದ್ದ ಬಿಲ್ ಎವನ್ಸ್ ಅವರನ್ನು ಡೇವಿಸ್ ಈ ಕೆಲಸಕ್ಕೆಂದೇ ಮತ್ತೆ ಕರೆಸಿಕೊಂಡಿದ್ದರು, ತಂಡದ ಅಂದಿನ ಪಿಯಾನೊ ವಾದಕ ವಿಂಟನ್ ಕೆಲ್ಲಿ ಅವರ ಪಾಲಿಗೆ ಬಂದದ್ದು ಮೊದಲು ಮುದ್ರಿತವಾದ 'ಫ್ರೆಡ್ಡಿ ಫ್ರೀಲೋಡರ್' ಒಂದೇ.

ಎವನ್ಸ್ ಅವರನ್ನು ಕರೆಸಿದ್ದಕ್ಕೆ ಸಂಗೀತದ ಸ್ವರೂಪವೇ ಕಾರಣ. ಅಲ್ಲಿಯವರೆಗಿನ ಜಾಝ್‌ನಲ್ಲಿ ಮನೋಧರ್ಮದ ವಾದನವು ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೇ ನುಡಿಸುವ ಸ್ವರಗುಚ್ಛಗಳನ್ನು ಹಿಂಬಾಲಿಸುತ್ತಿತ್ತು. ಅವು ಬೇಗ ಬೇಗ ಬದಲಾಗುತ್ತಿದ್ದುದರಿಂದ ವಾದಕನಿಗೆ ಒಂದೆಡೆ ನಿಂತು ವಿಸ್ತರಿಸಲು ಬಿಡುವಿರಲಿಲ್ಲ. ಡೇವಿಸ್ ಕಾರ್ಡ್‌ಗಳ ಬದಲಾವಣೆಯನ್ನು ಆದಷ್ಟು ಕಡಿಮೆ ಮಾಡಿ, ಒಂದೊಂದು ಸ್ವರಶ್ರೇಣಿಯಲ್ಲಿ ಬಹು ಹೊತ್ತು ನೆಲೆಸುವ ಅವಕಾಶ ಕಲ್ಪಿಸಿದರು. ಇದಕ್ಕೆ 'ಮೋಡಲ್' ಜಾಝ್ ಎಂದು ಹೆಸರು. 'ಸೋ ವಾಟ್' ಕೃತಿಯು ನಿಂತಿರುವ ಡೋರಿಯನ್ ಶ್ರೇಣಿಯ ಸ್ವರಸ್ಥಾನಗಳು ಕರ್ನಾಟಕ ಸಂಗೀತದ ಖರಹರಪ್ರಿಯ ಮೇಳದವೇ ಆಗಿವೆ. ಗಮಕವಾಗಲಿ ರಾಗನಿಯಮಗಳಾಗಲಿ ಅಲ್ಲಿ ಇಲ್ಲದಿದ್ದರೂ, ಹದಿನಾರು ಬಾರ್‌ಗಳು, ಅಂದರೆ ಹದಿನಾರು ಆವರ್ತಗಳು, ಒಂದೇ ಶ್ರೇಣಿಯಲ್ಲಿ ಸಾಗಿ, ಮುಂದಿನ ಎಂಟರಲ್ಲಿ ಆಧಾರ ಅರ್ಧ ಸ್ವರದಷ್ಟು ಮೇಲೇರಿ, ಕೊನೆಯ ಎಂಟರಲ್ಲಿ ಮೊದಲಿನ ನೆಲೆಗೆ ಮರಳುವ ಅದರ ಸರಳ ಕಟ್ಟಡವು ಕನ್ನಡದ ಕೇಳುಗರ ಕಿವಿಗೆ ಬೇಗ ಹಿಡಿಯುವಂಥದು. 'ಫ್ಲಮೆಂಕೊ ಸ್ಕೆಚಸ್'ನಲ್ಲಿ ಇನ್ನೂ ಹೆಚ್ಚಿನ ಸ್ವಾತಂತ್ರ್ಯವಿದೆ: ಐದು ಶ್ರೇಣಿಗಳ ಅನುಕ್ರಮವಷ್ಟೇ ನಿಗದಿಯಾಗಿದ್ದು, ಪ್ರತಿಯೊಂದರಲ್ಲೂ ಎಷ್ಟು ಹೊತ್ತು ನಿಲ್ಲಬೇಕೆಂಬುದು ವಾದಕನಿಗೇ ಬಿಟ್ಟದ್ದು.

ಹೊದಿಕೆಯ ಹಿಂಬದಿಗೆ ಟಿಪ್ಪಣಿ ಬರೆದ ಎವನ್ಸ್, ಕೃತಿಗಳ ರೂಪರೇಖೆ ಸಿದ್ಧವಾದದ್ದು ಧ್ವನಿಮುದ್ರಣಕ್ಕೆ ಕೆಲವೇ ಗಂಟೆಗಳ ಮೊದಲು ಎಂದು ದಾಖಲಿಸಿದರು. ಪ್ರತಿ ಕೃತಿಯ ಮೊದಲ ಪೂರ್ಣ ವಾದನವೇ ಸ್ವೀಕೃತವಾಯಿತೆಂಬ ಪ್ರಸಿದ್ಧ ನಂಬಿಕೆ ಬಹುಮಟ್ಟಿಗೆ ನಿಜ: ಟೇಪುಗಳಲ್ಲಿ ನಡುವೆ ನಿಂತುಹೋದ ಹಲವು 'ಟೇಕ್'ಗಳು, ಅಂದರೆ ಒಂದೊಂದು ಸಲದ ಪ್ರಯತ್ನಗಳು, ಇವೆಯಾದರೂ ಕೊನೆಮುಟ್ಟಿದ ಟೇಕ್ ಎರಡಿರುವುದು 'ಫ್ಲಮೆಂಕೊ ಸ್ಕೆಚಸ್' ಒಂದಕ್ಕೇ. ನಿರ್ಮಾಪಕರ ವಿಷಯವನ್ನೂ ಟೇಪುಗಳೇ ಇತ್ಯರ್ಥಪಡಿಸಿದವು. ಮುಂದಿನ ಕೆಲವು ಆವೃತ್ತಿಗಳು ಆ ಸ್ಥಾನದಲ್ಲಿ ಟಿಯೊ ಮ್ಯಾಸೆರೊ ಅವರ ಹೆಸರನ್ನು ಮುದ್ರಿಸಿದರೂ, ನಿಯಂತ್ರಣ ಕೊಠಡಿಯಿಂದ ಕೇಳಿಬರುವ ದನಿ ಅರ್ವಿಂಗ್ ಟೌನ್‌ಸೆಂಡ್ ಅವರದು. ಉಳಿದ ವಾದ್ಯಗಳ ನಾದಕ್ಕೆ ಸ್ನೇರ್ ಡ್ರಮ್ ತಾನಾಗಿ ಕಂಪಿಸಿ ಸದ್ದು ಮಾಡುತ್ತಿದೆಯೆಂದು ಟೌನ್‌ಸೆಂಡ್ ಎಚ್ಚರಿಸಿದಾಗ, ಅದೂ ಸಂಗೀತಕ್ಕೆ ಸೇರಿದ್ದೇ ಎಂಬರ್ಥದ ಉತ್ತರವನ್ನು ಡೇವಿಸ್ ಕೊಡುತ್ತಾರೆ. ಇಡೀ ಆಲ್ಬಮಿನ ಧೋರಣೆ ಆ ಉತ್ತರದಲ್ಲಿದೆ.

ಬಿಡುಗಡೆಯಾದ ತಟ್ಟೆಯಲ್ಲಿ ದೋಷಗಳು ಉಳಿದುಕೊಂಡವು. ಮೊದಲ ಪ್ರತಿಗಳಲ್ಲಿ ಎರಡನೆಯ ಮಗ್ಗುಲಿನ ಎರಡು ಕೃತಿಗಳ ಹೆಸರು ಅದಲುಬದಲಾಗಿದ್ದವು. ಆಡರ್ಲಿ ಅವರ ಹೆಸರಿನ ಕಾಗುಣಿತವೂ ತಪ್ಪಾಗಿತ್ತು. ಇವಕ್ಕಿಂತ ದೊಡ್ಡದು ಶ್ರುತಿಯ ದೋಷ. ಮಾರ್ಚ್ 2ರಂದು ಎರಡು ಯಂತ್ರಗಳು ಏಕಕಾಲಕ್ಕೆ ಮುದ್ರಿಸಿಕೊಳ್ಳುತ್ತಿದ್ದು, ಮುಖ್ಯ ಯಂತ್ರವು ಇರಬೇಕಾದ ವೇಗಕ್ಕಿಂತ ತುಸು ನಿಧಾನವಾಗಿ ಓಡಿತ್ತು. ನಿಧಾನವಾಗಿ ಮುದ್ರಿತವಾದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಸಂಗೀತ ಚುರುಕಾಗಿ, ಶ್ರುತಿ ಏರುತ್ತದೆ. ಹೀಗೆ ಅಂದು ಮುದ್ರಿತವಾದ ಮೊದಲ ಮಗ್ಗುಲಿನ ಮೂರೂ ಕೃತಿಗಳು ಹೆಚ್ಚುಕಡಿಮೆ ಅರ್ಧ ಸ್ವರದ ಅರ್ಧದಷ್ಟು ಮೇಲಿನ ಶ್ರುತಿಯಲ್ಲಿ ಮನೆಮನೆಗೆ ತಲುಪಿದವು. ತಟ್ಟೆಯ ಜೊತೆಗೆ ನುಡಿಸಿ ಕಲಿಯುವ ವಾದಕರಿಗೆ ಇದು ಸಣ್ಣ ತೊಡಕಲ್ಲ, ಏಕೆಂದರೆ ಶ್ರುತಿ ಮಾಡಿದ ಪಿಯಾನೊದ ಎರಡು ಮನೆಗಳ ನಡುವೆ ಬೀಳುವ ಶ್ರುತಿಗೆ ಹೊಂದಿಕೊಳ್ಳುವ ದಾರಿಯೇ ಇಲ್ಲ. ಸರಿಯಾದ ವೇಗದಲ್ಲಿ ಓಡಿದ್ದ ಎರಡನೆಯ ಯಂತ್ರದ ಟೇಪಿನಿಂದ 1992ರಲ್ಲಿ ಹೊಸ ಆವೃತ್ತಿ ತಯಾರಾದಾಗಲೇ ಈ ತಪ್ಪು ತಿದ್ದಲ್ಪಟ್ಟಿತು. ಆ ಹೊತ್ತಿಗೆ ಡೇವಿಸ್ ತೀರಿಕೊಂಡು ಒಂದು ವರ್ಷವಾಗುತ್ತ ಬಂದಿತ್ತು.

ಬಿಡುಗಡೆಯ ದಿನಕ್ಕೆ ಹೊಂದಿಕೊಂಡ ಇನ್ನೊಂದು ಘಟನೆಯನ್ನು ಸ್ಮರಣೆಯ ಉತ್ಸಾಹದಲ್ಲಿ ಮರೆಯಲಾಗದು. 1959ರ ಆಗಸ್ಟ್ 25ರ ರಾತ್ರಿ, ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಕಛೇರಿಯ ಬಿಡುವಿನಲ್ಲಿ ಹೊರಗೆ ನಿಂತಿದ್ದ ಡೇವಿಸ್ ಅವರನ್ನು ಪೊಲೀಸರು ತಲೆಗೆ ಹೊಡೆದು ರಕ್ತ ಸುರಿಯುವಂತೆ ಮಾಡಿ ಬಂಧಿಸಿದರು. ಆರೋಪಗಳಿಂದ ಅವರು ಮುಂದೆ ಮುಕ್ತರಾದರು. ಕ್ಲಬ್ಬಿನ ಹೊರಗೆ ಅವರ ಹೆಸರು ಬರೆದಿದ್ದ ಫಲಕದ ಬಳಿಯಲ್ಲೇ ಕಪ್ಪು ಕಲಾವಿದನೊಬ್ಬನಿಗೆ ನಿಲ್ಲಲು ಬಿಡದ ಅದೇ ದೇಶದ ಸಂಸತ್ತಿನ ಕೆಳಮನೆ, ಆಲ್ಬಮಿಗೆ ಐವತ್ತು ತುಂಬಿದ 2009ರ ಡಿಸೆಂಬರಿನಲ್ಲಿ, ಅದನ್ನು ಗೌರವಿಸಿ, ಜಾಝ್ ರಾಷ್ಟ್ರದ ಸಂಪತ್ತೆಂದು ಮತ್ತೆ ಸಾರುವ ನಿರ್ಣಯವನ್ನು 409 ಮತಗಳಿಂದ, ವಿರೋಧವಿಲ್ಲದೆ ಅಂಗೀಕರಿಸಿತು. ಏಳು ಜನ ವಾದಕರಲ್ಲಿ ಅಂದು ಬದುಕಿದ್ದವರು ಜಿಮ್ಮಿ ಕಾಬ್ ಒಬ್ಬರೇ. ಅವರು 2020ರಲ್ಲಿ ನಿಧನರಾದರು.

ಐವತ್ತು ತುಂಬಿದಂಥ ಸ್ಮರಣೆಯ ವರ್ಷಗಳ ಮರುಬಿಡುಗಡೆಗಳಲ್ಲಿ ಕಂಪನಿಯ ಲಾಭದ ಲೆಕ್ಕವಿದ್ದರೂ, ಪೆಟ್ಟಿಗೆಯಲ್ಲಿದ್ದ ಟೇಪುಗಳು ಮತ್ತೆ ಯಂತ್ರಕ್ಕೇರುವುದು ಆ ನೆಪದಿಂದಲೇ ಎಂಬುದನ್ನು ಒಪ್ಪಲೇಬೇಕು. ಟೇಪುಗಳೂ ಇತ್ಯರ್ಥಪಡಿಸದ ಪ್ರಶ್ನೆಯೆಂದರೆ 'ಬ್ಲೂ ಇನ್ ಗ್ರೀನ್' ಯಾರ ರಚನೆ ಎಂಬುದು. ಆಲ್ಬಂ ಅದನ್ನು ಡೇವಿಸ್ ಒಬ್ಬರ ಹೆಸರಿನಲ್ಲಿ ಮುದ್ರಿಸಿತು. ಅದು ತಮ್ಮದೆಂದು ಎವನ್ಸ್ ಹೇಳುತ್ತಿದ್ದರು. 1959ರ ಡಿಸೆಂಬರಿನಲ್ಲಿ ಅವರು ತಮ್ಮ 'ಪೋರ್ಟ್ರೇಟ್ ಇನ್ ಜಾಝ್' ಆಲ್ಬಮಿಗಾಗಿ ಅದೇ ಕೃತಿಯನ್ನು ಮತ್ತೆ ಮುದ್ರಿಸಿದಾಗ ರಚನಕಾರರ ಸ್ಥಾನದಲ್ಲಿ ಇಬ್ಬರ ಹೆಸರೂ ಬಂತು.