ಸೋಡಾ ಬಾಟ್ಲಿ ವಾಪಸ್ ಬರ್ತಿತ್ತು, ಉಪ್ಪಿನಕಾಯಿ ಬಾಟ್ಲಿ ಯಾಕ ಬರಂಗಿಲ್ಲ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು ಇದನ್ನ ಕೇಳ್ತಿದ್ರ ಮನೆಯ ಹಿರಿಯರಿಗೆ ಒಂದು ಪ್ರಶ್ನೆ ಹಾಕಿ ನೋಡ್ರಿ: "ಅಜ್ಜಾ, ಸಂತ್ಯಾಗ ಗೋಲಿ ಸೋಡಾ ಕುಡಿದ ಮ್ಯಾಲೆ ಬಾಟ್ಲಿ ಏನ್ ಮಾಡ್ತಿದ್ರಿ?" "ಏನ್ ಮಾಡೂದು, ಅಲ್ಲೇ ವಾಪಸ್ ಕೊಡೂದು" ಅಂತಾರ.

ಆ ಬಾಟ್ಲಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1872ರಲ್ಲಿ ಹೈರಮ್ ಕಾಡ್ ಎಂಬ ಎಂಜಿನಿಯರ್ ಅದಕ್ಕೆ ಪೇಟೆಂಟ್ ಪಡೆದ. ಕುತ್ತಿಗೆಯೊಳಗೆ ಗೋಲಿ, ಬಾಯಿಗೆ ರಬ್ಬರ್ ಉಂಗುರ. ಒಳಗಿನ ಗ್ಯಾಸೇ ಗೋಲಿಯನ್ನು ಮೇಲೆ ಒತ್ತಿ ಬಾಯಿ ಮುಚ್ಚುತ್ತದೆ. ಒಳಗಿನ ಸೋಡಾಕ್ಕಿಂತ ಬಾಟ್ಲಿಯೇ ತುಟ್ಟಿ. ಹಾಗಾಗಿ ಅಂಗಡಿಯವನು ಅದನ್ನು ಕೈಬಿಡುತ್ತಿರಲಿಲ್ಲ. (ಗೋಲಿ ಆಸೆಗೆ ಬಾಟ್ಲಿ ಒಡೆದು ಬೈಸಿಕೊಂಡ ಹುಡುಗರೂ ಇದ್ರು, ಅದು ಬ್ಯಾರೆ ಮಾತು.) ಮರುಬಳಕೆ ಅನ್ನೋ ಪದ ಬೇಕಾಗಿರಲಿಲ್ಲ, ಕೆಲಸ ನಡೀತಿತ್ತು.

ಈಗ ಸ್ವಲ್ಪ ಉತ್ತರಕ್ಕೆ ಹೋಗೋಣ. 1956ರ ತನಕ ನಮ್ಮ ಬೆಳಗಾವಿ ಜಿಲ್ಲೆ ಇದ್ದದ್ದು ಮುಂಬೈ ಆಡಳಿತದಲ್ಲಿ. ಅದೇ ಪ್ರಾಂತದಲ್ಲಿ, ಪುಣೆ ಹತ್ತಿರದ ತಳೇಗಾವ್‌ನಲ್ಲಿ, 1908ರಲ್ಲಿ ಒಂದು ಗಾಜಿನ ಕಾರ್ಖಾನೆ ಶುರುವಾಯಿತು. ಹೆಸರು ಪೈಸಾ ಫಂಡ್ ಗ್ಲಾಸ್ ವರ್ಕ್ಸ್. ಹೆಸರಲ್ಲೇ ಕಥೆ ಐತಿ. ಅಂತಾಜಿ ದಾಮೋದರ ಕಾಳೆ ಜನರ ಹತ್ತಿರ ಕೇಳಿದ್ದು ವರ್ಷಕ್ಕೆ ಒಂದೇ ಒಂದು ಪೈಸೆ. ಎಲ್ಲರೂ ಕೊಟ್ಟರೆ ಸ್ವದೇಶಿ ಉದ್ಯಮ ಕಟ್ಟಬಹುದು ಅಂತ. ತಿಲಕರು ಬೆಂಬಲಕ್ಕೆ ನಿಂತರು. ಸಾವ್ಕಾರರ ಗಂಟಿಗಿಂತ ಸಾಮಾನ್ಯರ ಪೈಸೆಯನ್ನು ನಂಬಿ ಹೊತ್ತಿಸಿದ ಕುಲುಮೆ ಅದು. 1916ರಲ್ಲಿ ಕರಾಡ ಹತ್ತಿರ ಓಗಲೆ ಸಹೋದರರ ಕಾರ್ಖಾನೆಯೂ ಬಂತು. ಅವರ 'ಪ್ರಭಾಕರ' ಕಂದೀಲು ಎಷ್ಟು ಹೆಸರು ಮಾಡಿತಂದ್ರ, ಆ ಜಾಗ ಇವತ್ತಿಗೂ ಓಗಲೆವಾಡಿ.

ಗಾಜಿನ ಕುಲುಮೆಗೆ ಒಡೆದ ಗಾಜು ಕಸ ಅಲ್ಲ, ಕಚ್ಚಾ ಮಾಲು. ಮರಳು, ಸೋಡಾ ಬೂದಿ, ಸುಣ್ಣಕಲ್ಲು ಕರಗಬೇಕಾದ್ರ ಸುಮಾರು 1500 ಡಿಗ್ರಿ ಬಿಸಿ ಬೇಕು. ಗಾಜಿನ ಚೂರು ಬೆರೆಸಿದರೆ ಬೇಗ ಕರಗುತ್ತದೆ. ಶೇ 10ರಷ್ಟು ಚೂರು ಹಾಕಿದರೆ ಇಂಧನ ಶೇ 2ರಿಂದ 3ರಷ್ಟು ಉಳಿಯುತ್ತದೆ. ಎಷ್ಟು ಸಲ ಕರಗಿಸಿದರೂ ಗುಣ ಕೆಡುವುದಿಲ್ಲ. ಆದ್ರ ಅದರೊಳಗ ಒಂದು ಪಿಂಗಾಣಿ ಕಪ್ಪಿನ ಚೂರು ಸೇರಿತೋ, ಅದು ಕರಗದೆ ಹೊಸ ಬಾಟ್ಲಿಯೊಳಗೇ ಕಲ್ಲಾಗಿ ಕೂರುತ್ತದೆ.

ಹಂಗಾದ್ರ ಈಗ ಏನಾಗೇತಿ? ಭಂಗಾರದವರು ಬಿಯರ್ ಬಾಟ್ಲಿ ಒಯ್ತಾರ, ತೊಳೆದು ಮತ್ತ ತುಂಬಬಹುದಲ್ಲ. ಉಪ್ಪಿನಕಾಯಿ, ಜಾಮ್ ಬಾಟ್ಲಿ ಭಾರ ಜಾಸ್ತಿ, ಬೆಲೆ ಕಮ್ಮಿ. ಒಡೆದದ್ದಂತೂ ಹಸಿ ಕಸದ ಜೊತೆ ಹೋಗಿ, ಆ ಚೀಲ ಎತ್ತುವ ಪೌರಕಾರ್ಮಿಕರ ಅಂಗೈ ಕೊಯ್ಯುತ್ತದೆ.

ಬೆಲೆ ಇಟ್ಟರೆ ಬಾಟ್ಲಿ ಈಗಲೂ ವಾಪಸ್ ಬರ್ತದ. ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟ್ಲಿಗೆ 10 ರೂಪಾಯಿ ಹೆಚ್ಚು ತಗೊಂಡು, ಖಾಲಿ ಬಾಟ್ಲಿ ತಂದುಕೊಟ್ಟವರಿಗೆ ಆ ದುಡ್ಡು ಮರಳಿಸುತ್ತಾರೆ. ಕಾಡುಪ್ರಾಣಿಗಳ ಕಾಲಿಗೆ ಗಾಜು ಚುಚ್ಚಬಾರದು ಅಂತ ಹೈಕೋರ್ಟ್ ತೋರಿಸಿದ ದಾರಿ ಅದು.

ನಮ್ಮ ಅಡುಗೆಮನೆ ಬಾಟ್ಲಿಗೆ ಆ 10 ರೂಪಾಯಿ ಇಲ್ಲ. ಅದಕ್ಕೆ ನನಗೆ ಪೈಸಾ ಫಂಡ್ ದಾರಿಯೇ ಸರಿ ಅನ್ನಿಸ್ತದ. ಒಂದು ಮನೆಯ ಎರಡು ಬಾಟ್ಲಿಗೆ ಭಂಗಾರದವರು ಗಾಡಿ ನಿಲ್ಲಿಸೂದಿಲ್ಲ. ಇಡೀ ಓಣಿಯದು ಒಂದು ಗೋಣಿಚೀಲ ತುಂಬಿದ್ರ ನಿಲ್ಲಿಸ್ಬಹುದು. ತೊಳೆದ ಬಾಟ್ಲಿ ಚೀಲಕ್ಕ, ಒಡೆದದ್ದು ದಪ್ಪ ಪೇಪರಿನಾಗ ಸುತ್ತಿ ಬ್ಯಾರೆ. ಕನ್ನಡಿ, ಬಲ್ಬ್, ಪಿಂಗಾಣಿ ಇದರಾಗ ಹಾಕಬ್ಯಾಡ್ರಿ. ಚೀಲ ಯಾರ ಕಟ್ಟಿ ಮ್ಯಾಲೆ ಇಡಬೇಕು ಅನ್ನೋದೇ ದೊಡ್ಡ ಜಗಳ ಆಗ್ತದ, ಗೊತ್ತು.

ಅಜ್ಜ ಏನಂದ್ರು ಅನ್ನೋದನ್ನ ವಾಯ್ಸ್ ಮೆಸೇಜ್ ಮಾಡಿ ಕಳಸ್ರಿ.