ಗೆಜ್ಜೆ ಕಟ್ಟಿದ ನಡಿಗೆ

ರಾಯಚೂರು ಸೀಮೆಯ ನಿತ್ಯ ನಡಿಗೆಯ ಚರಿತ್ರೆಯಲ್ಲಿ ಹರಿದಾಸರ ಮಧುಕರ ವೃತ್ತಿಗೆ ದೊಡ್ಡ ಪಾಲಿದೆ. ದುಂಬಿ ಹೂವಿಂದ ಹೂವಿಗೆ ಹೋಗುವಂತೆ ಮನೆಯಿಂದ ಮನೆಗೆ ನಡೆದು, ಬಾಗಿಲಲ್ಲಿ ಸಿಕ್ಕ ಹಿಡಿ ಧಾನ್ಯಕ್ಕೆ ತೃಪ್ತಿಪಡುವ ಕ್ರಮವಿದು. ಮಾನ್ವಿ ಬಳಿಯ ಚೀಕಲಪರ್ವಿಯ ವಿಜಯದಾಸರು (1682–1755), ದೇವದುರ್ಗ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728–1809) ಒಂದೇ ಪರಂಪರೆಯವರು.

ಕಾಲಿಗೆ ಗೆಜ್ಜೆ, ಹೆಗಲಿಗೆ ತಂಬೂರಿ, ಕೈಯಲ್ಲಿ ತಾಳ. ಹೆಜ್ಜೆಗೆ ಗೆಜ್ಜೆ ದನಿಗೂಡಿಸಿದರೆ ಉಸಿರೂ ಪದದ ಲಯಕ್ಕೆ ಒಗ್ಗುತ್ತದೆ; ಹಾಡುತ್ತ ನಡೆಯುವವರನ್ನು ಚಿಂತೆ ಹಿಡಿಯುವುದು ಕಷ್ಟ. ಅಹಂಕಾರ ಇಳಿಸುವುದು ಈ ವೃತ್ತಿಯ ಉದ್ದೇಶ, ದೇಹಕ್ಕಾದ ಲಾಭ ಕೊಸರು. ವಿದ್ಯಾಗರ್ವದಿಂದ ವಿಜಯದಾಸರನ್ನು ಕಡೆಗಣಿಸಿ ಹೊಟ್ಟೆನೋವಿಗೆ ತುತ್ತಾದ ಪಂಡಿತ ಶ್ರೀನಿವಾಸಾಚಾರ್ಯರೇ ಗೋಪಾಲದಾಸರಿಂದ ಗುಣ ಕಂಡು ಜಗನ್ನಾಥದಾಸರಾದರೆಂಬುದು ಸಂಪ್ರದಾಯದ ಮಾತು.

ಈಗಿನ ವೈದ್ಯರ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ದೈಹಿಕ ಚಟುವಟಿಕೆ ಹೇಳುತ್ತದೆ. ಬಿರುಸು ನಡಿಗೆ ರಕ್ತದೊತ್ತಡ, ಸಕ್ಕರೆಯನ್ನು ಹತೋಟಿಯಲ್ಲಿಡಲು ನೆರವಾಗಿ ನಿದ್ದೆಯನ್ನೂ ಸುಧಾರಿಸುತ್ತದೆ. ರಾಯಚೂರಿನ ಬಿಸಿಲಿಗೆ ಬೆಳಗಿನ ಜಾವವೇ ಲೇಸು. ಭಕ್ತಿಯ ನಡಿಗೆಯೂ ನಿಂತಿಲ್ಲ: ಮಂತ್ರಾಲಯಕ್ಕೆ ಇಲ್ಲಿಂದ ಭಕ್ತರು ಇಂದಿಗೂ ಪಾದಯಾತ್ರೆ ಹೋಗುತ್ತಾರೆ.