ಗುಜರಿ ಸೀಸದ ಗುರುತು

ಬಂದೂಕಿನ ಗುಂಡು ಎರಕ ಹೊಯ್ಯುವ ಹವ್ಯಾಸ ಅಮೆರಿಕದಲ್ಲಿ ಹಳೆಯದು. ಅದಕ್ಕೆ ಬೇಕಾದ ಸೀಸ ಹೆಚ್ಚಾಗಿ ಗುಜರಿಯಿಂದ ಬರುವುದರಿಂದ ಅದರಲ್ಲಿ ಏನೇನು ಬೆರೆತಿದೆ ಎಂದು ಮೊದಲೇ ತಿಳಿಯಬೇಕಾಗುತ್ತದೆ. ಶುದ್ಧ ಸೀಸ ಉಗುರಿಗೇ ಗೀರು ಬೀಳುವಷ್ಟು ಮೆದು. ನೆಲಕ್ಕೆ ಹಾಕಿದರೆ ಮಂದವಾಗಿ ಸದ್ದಾಗುತ್ತದೆ. ಬ್ರಿನೆಲ್ ಮಾಪನದಲ್ಲಿ ಅದರ ಗಡಸುತನ ಸುಮಾರು 5. ಆಂಟಿಮನಿ, ತವರ ಬೆರೆತ ಲೈನೋಟೈಪ್ ಲೋಹದ್ದು 22ರ ಆಸುಪಾಸು. ಅದು ಬಾಗುವ ಬದಲು ಮುರಿಯುತ್ತದೆ. ನಮ್ಮ ಹಳೆಯ ಮುದ್ರಣಾಲಯಗಳ ಅಚ್ಚುಮೊಳೆಯೂ ಇದೇ ಬಳಗದ್ದು. ಬೇರೆ ಬೇರೆ ಗಡಸಿನ ಪೆನ್ಸಿಲ್‌ಗಳಿಂದ ಗೀಚಿ, ಯಾವುದು ಲೋಹವನ್ನು ಕೆತ್ತುತ್ತದೆ ಎಂದು ನೋಡುವುದು ಅಗ್ಗದ ಪರೀಕ್ಷೆ. ಆದರೆ ಅದು ಗಡಸುತನವನ್ನಷ್ಟೇ ಹೇಳುತ್ತದೆ, ಬೆರಕೆಯನ್ನಲ್ಲ.

ಎರಕಕ್ಕೆ ಬೇಡದ ಬೆರಕೆಗಳಲ್ಲಿ ನಿಜವಾದ ತಲೆನೋವು ಸತು. ಗುಜರಿಗೆ ಬರುವ, ವಾಹನದ ಚಕ್ರಕ್ಕೆ ಬಡಿಯುವ ಸಮತೋಲನದ ತೂಕಗಳಲ್ಲಿ ಈಗ ಸೀಸದವುಗಳ ಜೊತೆ ಸತು, ಉಕ್ಕಿನವೂ ಸೇರಿಕೊಂಡಿವೆ. ಕ್ಯಾಲಿಫೋರ್ನಿಯ 2010ರಲ್ಲಿ ಸೀಸದ ತೂಕಗಳನ್ನೇ ನಿಷೇಧಿಸಿತು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಸತುವಿಗೆ ಸುಮಾರು 420 ಡಿಗ್ರಿ ಬೇಕು. ಉರಿ ಹದದಲ್ಲಿದ್ದರೆ ಸತುವಿನ ತುಂಡು ಕರಗದೆ ಮೇಲೆ ತೇಲುತ್ತದೆ, ತೆಗೆದುಹಾಕಬಹುದು. ಮೊದಲೇ ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೂ ಸಾಕು: ಸತು ನೊರೆಗಟ್ಟುತ್ತದೆ, ಸೀಸ ಸುಮ್ಮನಿರುತ್ತದೆ. ವಾಹನದ ಬ್ಯಾಟರಿಯ ಸೀಸದ ತಟ್ಟೆಗಳನ್ನಂತೂ ಮುಟ್ಟಲೇಬಾರದು; ಅವುಗಳಿಂದ ವಿಷಾನಿಲ ಹೊಮ್ಮಬಹುದು.